ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳ್ಳಿ ಗೆರೆ: ಮುದ್ರಿಸಿ ಬೆಳಕಿನಲ್ಲಿ ಬೇಯಿಸುವುದು ಹೇಗೆ?

ತುಮಕೂರು ಕಡೆಯಿಂದ ನನಗೆ ಎರಡು ಪ್ರಶ್ನೆ ಪದೇ ಪದೇ ಬರುತ್ತವೆ. ಒಂದು, ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯವರದ್ದು: "ಮದುವೆ ಕಾರ್ಡು, ಸ್ಟಿಕ್ಕರ್ ಹೊಡೆಯೋ ಫ್ರೇಮಲ್ಲೇ ಸರ್ಕ್ಯೂಟ್ ಹೊಡೀಬಹುದಾ?" ಇನ್ನೊಂದು, ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ಹುಡುಗರದ್ದು: "ಸರ್, ಬೆಳಕಿನಿಂದ ಇಂಕ್ ಬೇಯಿಸ್ತಾರಂತಲ್ಲ, ಕ್ಯಾಮೆರಾ ಫ್ಲ್ಯಾಶ್‌ನಲ್ಲಿ ಆಗುತ್ತಾ?"

ಮೊದಲನೆಯದಕ್ಕೆ ಉತ್ತರ, ಬೆಳ್ಳಿಯಂಥ ಕರೆಂಟ್ ಹರಿಸುವ ಪುಡಿ ಬೆರೆಸಿದ ಇಂಕ್ ಇದ್ದರೆ ಹೊಡೆಯಬಹುದು. ಎರಡನೆಯದಕ್ಕೆ, ಕಲಿಯಲು ಆಗುತ್ತೆ, ವ್ಯಾಪಾರಕ್ಕೆ ಆಗಲ್ಲ. ಯಾಕೆ ಅಂತ ಮುಂದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಈ ಕೆಲಸ ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕಿನ ಮಾಮೂಲಿ ಸಿಲಿಕಾನ್ ಪ್ಯಾನೆಲ್ ಒಂದನ್ನು ಹತ್ತಿರದಿಂದ ನೋಡಿ. ಸೆಲ್ ಮೇಲೆ ಕೂದಲೆಳೆಯಂಥ ಬೆಳ್ಳಿ ಗೆರೆಗಳಿರುತ್ತವೆ. ಅವು ಸ್ಕ್ರೀನ್ ಪ್ರಿಂಟಿಂಗ್‌ನಲ್ಲೇ ಹೊಡೆದವು. ಆದರೆ ಸಿಲಿಕಾನ್ ಗಟ್ಟಿ ಪಿಂಡ. ಅದನ್ನು 700–800 ಡಿಗ್ರಿ ಕುಲುಮೆಯೊಳಗೆ ಹಾಯಿಸಿದರೂ ತಡೆಯುತ್ತದೆ. ನಮಗೆ ಬೇಕಿರುವುದು ಪ್ಲಾಸ್ಟಿಕ್ ಹಾಳೆ. ಅದು 150 ಡಿಗ್ರಿ ದಾಟುವ ಹೊತ್ತಿಗೇ ಸೊಟ್ಟಗಾಗುತ್ತದೆ. ಇಂಕ್ ಬೇಯಬೇಕು, ಹಾಳೆ ಬೇಯಬಾರದು. ಬೆಳಕು ಬರುವುದು ಇಲ್ಲಿಗೆ.

ಮೊದಲು ಕೆಲವು ಮಾತು

ಸಿಂಟರಿಂಗ್ ಅಂದರೆ ಲೋಹದ ಕಣಗಳು ಕರಗಿ ನೀರಾಗದೆ, ಒಂದಕ್ಕೊಂದು ತಾಗಿದ ಕಡೆ ಬೆಸೆದುಕೊಳ್ಳುವುದು. ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿಗೆ. ಆದರೆ ಕಣಗಳನ್ನು ನ್ಯಾನೋ ಗಾತ್ರಕ್ಕೆ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುವಷ್ಟು ಚಿಕ್ಕದು ಮಾಡಿದರೆ, 150 ಡಿಗ್ರಿಯ ಆಸುಪಾಸಿನಲ್ಲೇ ಬೆಸೆದುಕೊಳ್ಳುತ್ತವೆ.

ಬೆಳಕಿನಲ್ಲಿ ಬೇಯಿಸುವುದನ್ನು ಫೋಟಾನಿಕ್ ಕ್ಯೂರಿಂಗ್ ಅನ್ನುತ್ತಾರೆ. ಕ್ಸೆನಾನ್ ಅನಿಲ ತುಂಬಿದ ದೀಪದಿಂದ ಒಂದು ಭಾರಿ ಮಿಂಚು ಕೊಡುವುದು, ಅಷ್ಟೇ. ಅದು ಉರಿಯುವುದು ಸೆಕೆಂಡಿನ ಸಾವಿರದ ಒಂದು ಪಾಲು, ಅಥವಾ ಅದಕ್ಕಿಂತ ಕಡಿಮೆ. ಬಿಸಿ ಹಂಚಿಗೆ ಬೆರಳು ತಾಕಿಸಿ ತಕ್ಷಣ ಎತ್ತಿಬಿಡುತ್ತೀರಲ್ಲ, ಅದೇ ಉಪಾಯ. ಒಂದು ಮಿಲಿಸೆಕೆಂಡಿನಲ್ಲಿ ಶಾಖ ಪ್ಲಾಸ್ಟಿಕ್ಕಿನೊಳಗೆ ಇಳಿಯುವುದು 10ರಿಂದ 20 ಮೈಕ್ರಾನ್ ಮಾತ್ರ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಹಾಳೆಯ ದಪ್ಪ 125 ಮೈಕ್ರಾನ್. ಮೇಲಿನ ಇಂಕ್ ಕೆಲವು ನೂರು ಡಿಗ್ರಿ ಮುಟ್ಟಿ ಇಳಿಯುವಷ್ಟರಲ್ಲಿ ಹಾಳೆಯ ತಳಕ್ಕೆ ಸುದ್ದಿಯೇ ಹೋಗಿರುವುದಿಲ್ಲ.

ಯುವಿ ಕ್ಯೂರಿಂಗ್ ಬೇರೆ, ಇದು ಬೇರೆ. "ನಮ್ಮ ಹತ್ರ ಯುವಿ ಲ್ಯಾಂಪ್ ಇದೆ, ಸಾಕಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ಸಾಕಾಗಲ್ಲ. ಯುವಿ ಬೆಳಕು ಅದಕ್ಕೆಂದೇ ಮಾಡಿದ ಅಂಟನ್ನು ಗಟ್ಟಿ ಮಾಡುತ್ತದೆ, ಬೆಳ್ಳಿ ಕಣಗಳನ್ನು ಬೆಸೆಯುವುದಿಲ್ಲ. ಲ್ಯಾಂಪ್ ಎಸೆಯಬೇಡಿ. 7ನೇ ಹಂತದಲ್ಲಿ ಕೆಲಸಕ್ಕೆ ಬರುತ್ತದೆ.

ಏನೇನು ಬೇಕು

ಸ್ಕ್ರೀನ್ ಪ್ರಿಂಟಿಂಗ್ ಟೇಬಲ್, ಫ್ರೇಮ್, ಇಂಕ್ ಎಳೆಯುವ ಸ್ಕ್ವೀಜಿ. ಒಳಗೆ ಗಾಳಿ ತಿರುಗಿಸುವ ಓವನ್. ಅದರ ಡಯಲ್ ನಂಬಬೇಡಿ, ಹಾಳೆ ಇಡುವ ಜಾಗದಲ್ಲೇ ಒಂದು ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇಡಿ. ಒಳ್ಳೆಯ ಮಲ್ಟಿಮೀಟರ್, ಕರೆಂಟ್ ಮಿತಿ ಇಡಬಹುದಾದ ಪವರ್ ಸಪ್ಲೈ, ಕೈಗವಸು, ಐಸೊಪ್ರೊಪೈಲ್ ಆಲ್ಕೊಹಾಲ್.

ಪಟ್ಟಿಯಲ್ಲಿ ಫ್ಲ್ಯಾಶ್ ಯಂತ್ರ ಇಲ್ಲ ಅಲ್ವಾ? ಬೇಕೆಂದೇ ಬಿಟ್ಟಿದ್ದೇನೆ. ಓವನ್‌ನಲ್ಲಿ ಒಂದೇ ಸಮನಾದ ಹತ್ತು ಹಾಳೆ ತೆಗೆಯಲು ಬಾರದವರಿಗೆ ಫ್ಲ್ಯಾಶ್ ಯಂತ್ರದಲ್ಲೂ ಬರುವುದಿಲ್ಲ. ಮೊದಲು ಓವನ್, ಆಮೇಲೆ ಬೆಳಕು. ಓವನ್‌ನಲ್ಲಿ ಕೈ ಕುದುರಿದ ಮೇಲೆ, ಯಂತ್ರ ಇರುವ ಲ್ಯಾಬಿನಲ್ಲೋ ಮಾರುವವರ ಡೆಮೊ ಕೋಣೆಯಲ್ಲೋ ನಿಮ್ಮ ಹಾಳೆ ತೆಗೆದುಕೊಂಡು ಹೋಗಿ ಪರೀಕ್ಷಿಸಿ. ಕೊಳ್ಳುವ ಮಾತು ಅದರ ನಂತರ.

1. ಇಂಕ್ ಆರಿಸಿ

ಪೇಟೆಯಲ್ಲಿ ನಾಲ್ಕು ಬಗೆ ಸಿಗುತ್ತವೆ.

ಬೆಳ್ಳಿ ಫ್ಲೇಕ್ ಪೇಸ್ಟ್. ಅವಲಕ್ಕಿಯ ಹಾಗೆ ಚಪ್ಪಟೆಯಾದ ಬೆಳ್ಳಿ ಚೂರುಗಳು, ಹಿಡಿದಿಡಲು ಅಂಟು, ತೆಳುವಾಗಲು ಥಿನ್ನರ್. ಕಣಗಳು ಬೆಸೆಯುವುದಿಲ್ಲ, ಒಂದರ ಮೇಲೊಂದು ಒತ್ತಿ ಕೂರುತ್ತವೆ. ಯಂತ್ರಗಳ ಮೇಲೆ ಅಂಟಿಸುವ ಗುಂಡಿ ಒತ್ತುವ ಹಾಳೆಗೆ, ಅಂದರೆ ಕೀಪ್ಯಾಡ್‌ಗೆ, ಇದು ಧಾರಾಳ ಸಾಕು. ಹೊಸಬರು ಇಲ್ಲಿಂದಲೇ ಶುರು ಮಾಡಿ. ಬೆಳಕಿನಿಂದ ಇದಕ್ಕೆ ಲಾಭ ಇದೆ, ಆದರೆ ಕಡಿಮೆ. ಇದು ಮೊದಲೇ ಹೊಳೆಯುವ ಇಂಕ್, ಬಂದ ಬೆಳಕಿನಲ್ಲಿ ಒಂದಷ್ಟನ್ನು ವಾಪಸ್ ಕಳಿಸಿಬಿಡುತ್ತದೆ.

ನ್ಯಾನೋ ಬೆಳ್ಳಿ ಇಂಕ್. ಕಂದು ಅಥವಾ ಕಪ್ಪು ಬಣ್ಣ. ಬೆಳಕನ್ನು ಚೆನ್ನಾಗಿ ಹೀರುತ್ತದೆ. ಬೆಂದ ಮೇಲೆ ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ, ಹಾಗಾಗಿ ಕಣ್ಣಿಗೇ ಗೊತ್ತಾಗುತ್ತದೆ. ಬೆಲೆ ಜಾಸ್ತಿ.

ತಾಮ್ರದ ಇಂಕ್. ಬೆಳಕಿನ ನಿಜವಾದ ಜಾಣ್ಮೆ ಕಾಣುವುದು ಇದರಲ್ಲಿ. ತಾಮ್ರದ ಪುಡಿಯನ್ನು ಓವನ್‌ನಲ್ಲಿ ಹತ್ತು ನಿಮಿಷ ಇಟ್ಟರೆ ಗಾಳಿಗೆ ಕಪ್ಪಾಗಿ ಕರೆಂಟ್ ಹರಿಯುವುದೇ ನಿಲ್ಲುತ್ತದೆ. ಮಿಂಚು ಮಿಲಿಸೆಕೆಂಡಿನಲ್ಲಿ ಮುಗಿಯುವುದರಿಂದ ಕಪ್ಪಾಗಲು ಸಮಯವೇ ಸಿಗುವುದಿಲ್ಲ. ಕೆಲವು ಇಂಕ್‌ಗಳಲ್ಲಿ ತಾಮ್ರದ ಆಕ್ಸೈಡನ್ನೇ ತುಂಬಿ, ಜೊತೆಗೆ ಆಮ್ಲಜನಕ ಕಿತ್ತುಕೊಳ್ಳುವ ರಾಸಾಯನಿಕ ಸೇರಿಸಿರುತ್ತಾರೆ. ಮಿಂಚು ಬಿದ್ದ ಕೂಡಲೇ ಅಲ್ಲೇ ತಾಮ್ರ ಹುಟ್ಟುತ್ತದೆ. ತಾಮ್ರ ಬೆಳ್ಳಿಗಿಂತ ಎಷ್ಟೋ ಪಟ್ಟು ಅಗ್ಗ. ಆದರೆ ಮೊದಲ ವರ್ಷ ಇದರ ತಂಟೆಗೆ ಹೋಗಬೇಡಿ.

ಕಾರ್ಬನ್ ಇಂಕ್. ಅಗ್ಗ. ಬೆಳ್ಳಿಯ ಮುಂದೆ ಕರೆಂಟ್ ಹರಿಸುವುದರಲ್ಲಿ ಬಹಳ ಹಿಂದೆ. ಆದರೂ ಬೆಳ್ಳಿಗೆ ಮೇಲಂಗಿಯಾಗಿ ಬೇಕೇ ಬೇಕು.

ಎಚ್ಚರಿಕೆ: ಫ್ರಿಜ್‌ನಲ್ಲಿ ಇಡಬೇಕಾದ ಇಂಕ್ ಆಗಿದ್ದರೆ, ಹೊರಗೆ ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರುವವರೆಗೆ ಕಾಯಿರಿ. ಇಲ್ಲದಿದ್ದರೆ ಗಾಳಿಯ ನೀರು ಇಂಕ್ ಮೇಲೆ ಬೆವರುತ್ತದೆ. ಆಮೇಲೆ ತಳದಲ್ಲಿ ಕೂತ ಬೆಳ್ಳಿಯನ್ನು ಮೇಲೆತ್ತಿ ನಿಧಾನವಾಗಿ ಕಲಸಿ. ಮಜ್ಜಿಗೆ ಕಡೆದ ಹಾಗೆ ಕಡೆದರೆ ಗುಳ್ಳೆ ಸೇರುತ್ತದೆ.

2. ಹಾಳೆ ಸಿದ್ಧ ಮಾಡಿ

ಪೆಟ್ (ನೀರಿನ ಬಾಟಲಿಗೆ ಬಳಸುವ ಪ್ಲಾಸ್ಟಿಕ್) ಹಾಳೆ, 125 ಮೈಕ್ರಾನ್, "ಹೀಟ್ ಸ್ಟೆಬಿಲೈಸ್ಡ್" ಅಂತ ಕೇಳಿ ತನ್ನಿ. ಮಾಮೂಲಿ ಲ್ಯಾಮಿನೇಷನ್ ಹಾಳೆ ಓವನ್‌ನಲ್ಲಿ ಕುಗ್ಗುತ್ತದೆ. ಎರಡನೇ ಬಣ್ಣ ಮೊದಲನೆಯದರ ಮೇಲೆ ಕೂರುವುದೇ ಇಲ್ಲ. ಸರಿಯಾದ ಹಾಳೆಯನ್ನೂ ಮುದ್ರಿಸುವ ಮೊದಲು ಖಾಲಿಯಾಗಿ ಓವನ್‌ನಲ್ಲಿಡಿ. ಇಂಕ್ ಒಣಗಿಸುವ ಬಿಸಿಗಿಂತ ಹತ್ತು ಡಿಗ್ರಿ ಹೆಚ್ಚು, ಅರ್ಧ ಗಂಟೆ. ಕುಗ್ಗುವುದೆಲ್ಲ ಅಲ್ಲೇ ಕುಗ್ಗಿಹೋಗಲಿ.

ಕಿತ್ತಳೆ ಬಣ್ಣದ ಪಾಲಿಇಮೈಡ್ ಹಾಳೆ ಬಿಸಿ ತಡೆಯುತ್ತದೆ ಅಂತ ಕೆಲವರು ನೇರ ಅದಕ್ಕೇ ಹೋಗುತ್ತಾರೆ. ಓವನ್‌ಗೆ ಒಳ್ಳೆಯದೇ. ಆದರೆ ಪಾರದರ್ಶಕ ಪೆಟ್ ಬೆಳಕಿನ ಹೆಚ್ಚು ಪಾಲನ್ನು ಸುಮ್ನೆ ದಾಟಿಸಿಬಿಡುತ್ತದೆ. ಕಿತ್ತಳೆ ಹಾಳೆ ನೀಲಿ ಬೆಳಕನ್ನು ತಾನೇ ಹೀರಿಕೊಂಡು ಬಿಸಿಯಾಗುತ್ತದೆ. ಪೆಟ್‌ಗೆ ಹೊಂದಿಸಿದ ಮಿಂಚಿನ ಲೆಕ್ಕ ಇದಕ್ಕೆ ಹೊಂದುವುದಿಲ್ಲ.

ಹಾಳೆಯನ್ನು ಆಲ್ಕೊಹಾಲ್ ಹಾಕಿದ ನೂಲು ಬಿಡದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ. ಬೇಸಿಗೆಯಲ್ಲಿ ಬಾಗಿಲು ತೆರೆದಿಟ್ಟು ಕೆಲಸ ಮಾಡುವ ಅಭ್ಯಾಸ ನಮಗೆಲ್ಲ ಇದೆ. ಇದಕ್ಕೆ ಮಾತ್ರ ಮುಚ್ಚಿ. ಮದುವೆ ಕಾರ್ಡಿನ ಮೇಲೆ ಒಂದು ಧೂಳಿನ ಕಣ ಕೂತರೆ ಯಾರೂ ನೋಡಲ್ಲ. ಇಲ್ಲಿ ಗೆರೆಯೇ ಕಟ್ ಆಗುತ್ತದೆ.

3. ಫ್ರೇಮ್ ಮತ್ತು ಮುದ್ರಣ

ಈ ಕೆಲಸ ನಿಮಗೆ ಗೊತ್ತಿರುವುದೇ. ವ್ಯತ್ಯಾಸ ಮಾತ್ರ ಹೇಳುತ್ತೇನೆ. ಮೆಶ್, ಅಂದರೆ ಫ್ರೇಮಿಗೆ ಬಿಗಿದ ಬಟ್ಟೆ, ಸೆಂಟಿಮೀಟರಿಗೆ 77ರಿಂದ 120 ಎಳೆ ಇರಲಿ. ಬಟ್ಟೆಯ ಕಣ್ಣು, ಇಂಕಿನ ಅತಿ ದೊಡ್ಡ ಕಣಕ್ಕಿಂತ ಮೂರು ಪಟ್ಟಾದರೂ ದೊಡ್ಡದಿರಬೇಕು. ಇಲ್ಲದಿದ್ದರೆ ಅಂಟು ಇಳಿದು ಬೆಳ್ಳಿ ಮೇಲೆಯೇ ಉಳಿಯುತ್ತದೆ. ಬಟ್ಟೆಗೆ ಬಳಿಯುವ ಎಮಲ್ಷನ್ ಥಿನ್ನರ್‌ಗೆ ತಡೆಯುವಂಥದ್ದೇ ಬೇಕು. ಫ್ರೇಮಿಗೂ ಹಾಳೆಗೂ ನಡುವೆ 2ರಿಂದ 4 ಮಿ.ಮೀ. ಅಂತರ ಸಾಕು.

ಒಂದೇ ಎಳೆತ. ಎರಡು ಸಲ ಎಳೆದರೆ ದಪ್ಪ ಏರುಪೇರಾಗುತ್ತದೆ. ಪ್ರತಿ ಹಾಳೆಯ ಅಂಚಿನಲ್ಲೂ ಒಂದು ಪರೀಕ್ಷಾ ಗೆರೆ ಇಡಿ: 1 ಮಿ.ಮೀ. ಅಗಲ, 100 ಮಿ.ಮೀ. ಉದ್ದ, ಎರಡೂ ತುದಿಗೆ ಮಲ್ಟಿಮೀಟರ್ ಮೊನೆ ಇಡಲು ಅಗಲವಾದ ಚೌಕ, ಅಂದರೆ ಪ್ಯಾಡ್. ಇದನ್ನು ಮರೆತರೆ 6ನೇ ಹಂತದಲ್ಲಿ ಪರದಾಡುತ್ತೀರಿ.

4. ಒಣಗಿಸಿ, ಇನ್ನೊಂದು ಸಲ ಒಣಗಿಸಿ

ಹೆಚ್ಚು ಜನ ಸೋಲುವುದು ಇಲ್ಲಿ. ಸೋತು ಬೈಯುವುದು ದೀಪವನ್ನು.

ಹಪ್ಪಳ ನೆನೆಸಿಕೊಳ್ಳಿ. ಮೇಲೆ ಒಣಗಿದ ಹಾಗೆ ಕಾಣುತ್ತದೆ. ಒಳಗೆ ಪಸೆ ಉಳಿದಿದ್ದರೆ ಕೆಂಡದ ಮೇಲಿಟ್ಟ ಕೂಡಲೇ ಗುಳ್ಳೆ ಏಳುತ್ತದೆ. ಇಂಕ್ ಕೂಡ ಹಾಗೇ. ಮೇಲ್ಮೈ ಬೆರಳಿಗೆ ಅಂಟುವುದಿಲ್ಲ, ಒಳಗೆ ಥಿನ್ನರ್ ಕೂತಿರುತ್ತದೆ. ಮಿಂಚು ಬಿದ್ದಾಗ ಅದು ಒಮ್ಮೆಲೇ ಆವಿಯಾಗಿ, ಬೆಳ್ಳಿಯನ್ನು ಒಡೆದುಕೊಂಡು ಹೊರಬರುತ್ತದೆ. ಹಪ್ಪಳ ಉಬ್ಬಿದರೆ ರುಚಿ. ಗೆರೆ ಉಬ್ಬಿದರೆ ಹಾಳೆ ಕಸ. ನಾನು ಮೊದಲ ಸಲ ಹೊಡೆದ ಹಾಳೆಯಲ್ಲಿ ಗೆರೆಗಳೆಲ್ಲ ಉದುರಿ ದೀಪದ ಗಾಜಿಗೆ ಅಂಟಿಕೊಂಡಿದ್ದವು. ಗಾಜು ಒರೆಸಿಕೊಟ್ಟು ಬರಬೇಕಾಯಿತು.

ಫ್ಲೇಕ್ ಪೇಸ್ಟ್‌ಗೆ ಸಾಮಾನ್ಯವಾಗಿ 130 ಡಿಗ್ರಿ, 10 ನಿಮಿಷದ ಆಸುಪಾಸು. ನಿಮ್ಮ ಡಬ್ಬದ ಜೊತೆ ಬಂದ ಡೇಟಾ ಶೀಟ್ ಏನು ಹೇಳುತ್ತದೋ ಅದೇ ಕೊನೆಯ ಮಾತು. ನ್ಯಾನೋ ಇಂಕ್‌ಗೆ ಬೆಳಕು ಕೊಡುವುದಿದ್ದರೆ ಇಲ್ಲಿ ಬೇಯಿಸಬಾರದು, ಒಣಗಿಸಬೇಕು ಅಷ್ಟೇ. 80–100 ಡಿಗ್ರಿಯಲ್ಲಿ ಹೆಚ್ಚು ಹೊತ್ತು ಇಡಿ.

ಒಣಗಿದೆಯೋ ಇಲ್ಲವೋ ತಿಳಿಯಲು ಬೆರಳು ಸಾಲದು, ತೂಕ ಬೇಕು. ಚಿನ್ನ ಬೆಳ್ಳಿ ತೂಗುವ ಸಣ್ಣ ಡಿಜಿಟಲ್ ತಕ್ಕಡಿ, ಮಿಲಿಗ್ರಾಮ್ ತೋರಿಸುವಂಥದ್ದು, ಒಂದು ತನ್ನಿ. ಅದರ ತಟ್ಟೆಗೆ ಹಿಡಿಸುವಷ್ಟು ಚಿಕ್ಕ ತುಂಡು ಹಾಳೆಗೆ ತುಂಬ ಇಂಕ್ ಹೊಡೆಯಿರಿ. ಹತ್ತು ನಿಮಿಷ ಓವನ್‌ನಲ್ಲಿಟ್ಟು ತೂಗಿ. ಮತ್ತೆ ಐದು ನಿಮಿಷ ಇಟ್ಟು ತೂಗಿ. ತೂಕ ಇಳಿಯುತ್ತಿದ್ದರೆ ಥಿನ್ನರ್ ಇನ್ನೂ ಹೊರಬರುತ್ತಿದೆ ಅಂತ ಅರ್ಥ. ಎರಡು ಸಲ ಒಂದೇ ತೂಕ ಬಂದರೆ ನಿಮ್ಮ ಸಮಯ ಸಿಕ್ಕಿತು. ಓವನ್ ತುಂಬ ಹಾಳೆ ಇಟ್ಟಾಗ ಅದೇ ಸಮಯ ಸಾಲುವುದಿಲ್ಲ ಅನ್ನುವುದೂ ಇದರಿಂದಲೇ ಗೊತ್ತಾಗುತ್ತದೆ.

ನಡುವೆ ಕರೆಂಟ್ ಹೋದರೆ ಆ ಕಂತಿನ ಹಾಳೆಗಳ ಮೇಲೆ ಗುರುತು ಹಾಕಿ ಬೇರೆ ಇಡಿ. ಅಂದಾಜಿನಲ್ಲಿ "ಇನ್ನೈದು ನಿಮಿಷ ಇಟ್ರೆ ಆಯ್ತು" ಅನ್ನಬೇಡಿ.

5. ಬೆಳಕು ಕೊಡಿ

ಇಲ್ಲಿ ಮೂರು ಸಂಗತಿ ನಿಮ್ಮ ಕೈಯಲ್ಲಿರುತ್ತವೆ. ಒಂದು ಚದರ ಸೆಂ.ಮೀ.ಗೆ ಎಷ್ಟು ಜೂಲ್ ಶಕ್ತಿ, ಮಿಂಚು ಎಷ್ಟು ಹೊತ್ತು, ಒಟ್ಟು ಎಷ್ಟು ಮಿಂಚು. ಸಾಮಾನ್ಯವಾಗಿ ಕೆಲಸ ನಡೆಯುವುದು ಚದರ ಸೆಂ.ಮೀ.ಗೆ 1ರಿಂದ 10 ಜೂಲ್ ನಡುವೆ.

ಕ್ಯಾಮೆರಾ ಫ್ಲ್ಯಾಶ್ ಲೆಕ್ಕ ಈಗ ಹಾಕೋಣ. ಸಣ್ಣ ಫ್ಲ್ಯಾಶ್‌ನೊಳಗೆ 150 ಮೈಕ್ರೋಫ್ಯಾರಡ್ ಕೆಪಾಸಿಟರ್ (ಕರೆಂಟ್ ಕೂಡಿಡುವ ಭಾಗ), 330 ವೋಲ್ಟ್ ಅಂತಿಟ್ಟುಕೊಳ್ಳಿ. ಶಕ್ತಿ ಅಂದರೆ ವೋಲ್ಟ್ ವರ್ಗವನ್ನು ಕೆಪಾಸಿಟರ್ ಬೆಲೆಯಿಂದ ಗುಣಿಸಿ ಅರ್ಧ ಮಾಡುವುದು. ಸುಮಾರು 8 ಜೂಲ್ ಬರುತ್ತದೆ. ಅದು 50 ಚದರ ಸೆಂ.ಮೀ.ಗೆ ಹರಡಿದರೆ, ಪೂರ್ತಿ ಬೆಳಕಾದರೂ ಚದರ ಸೆಂ.ಮೀ.ಗೆ 0.16 ಜೂಲ್. ಸ್ಕ್ರೀನ್ ಪ್ರಿಂಟಿಂಗ್‌ನ ದಪ್ಪ ಪದರಕ್ಕೆ ಅದು ಯಾವ ಮೂಲೆಗೂ ಸಾಲದು. ಹಾಗಂತ ಕ್ಯಾಮೆರಾ ಫ್ಲ್ಯಾಶ್ ನಿಷ್ಪ್ರಯೋಜಕ ಅಲ್ಲ. 2009ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಮಾಮೂಲಿ ಕ್ಯಾಮೆರಾ ಫ್ಲ್ಯಾಶ್‌ನಿಂದಲೇ ಗ್ರಾಫೈಟ್ ಆಕ್ಸೈಡ್ ಪದರವನ್ನು ಕರೆಂಟ್ ಹರಿಯುವಂತೆ ಮಾಡಿ ತೋರಿಸಿದ್ದರು. ಕಾಲೇಜಿನ ಪ್ರದರ್ಶನಕ್ಕೆ ಚೆಂದ.

ದೊಡ್ಡ ಎಚ್ಚರಿಕೆ: ಫ್ಲ್ಯಾಶ್ ಬಿಚ್ಚಿ ಕೆಪಾಸಿಟರ್ ಸೇರಿಸುವ ಸಾಹಸ ಬೇಡ. ಸ್ವಿಚ್ ಆಫ್ ಮಾಡಿದ ಮೇಲೂ ಅದರಲ್ಲಿ 300 ವೋಲ್ಟ್ ಕೂತಿರುತ್ತದೆ. ಜೀವಕ್ಕೇ ಅಪಾಯ. ಕ್ಸೆನಾನ್ ದೀಪದ ಬೆಳಕಿನಲ್ಲಿ ಯುವಿ ಇರುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೇ ಹೊಡೆಯಬೇಕು, ಕಣ್ಣಿಗೆ ಅದಕ್ಕೆಂದೇ ಇರುವ ಕನ್ನಡಕ ಬೇಕು.

ಸರಿಯಾದ ಯಂತ್ರ ಸಿಕ್ಕಾಗ ಹೀಗೆ ಮಾಡಿ. ಒಂದೇ ಹಾಳೆಯಲ್ಲಿ ಎಂಟು ಪರೀಕ್ಷಾ ಗೆರೆ ಹೊಡೆದಿಟ್ಟುಕೊಳ್ಳಿ. ಬೆಳಕು ಒಂದಕ್ಕೆ ಮಾತ್ರ ಬೀಳುವಂತೆ ಉಳಿದದ್ದನ್ನು ಅಲ್ಯೂಮಿನಿಯಂ ಫಾಯಿಲ್‌ನಿಂದ ಮುಚ್ಚಿ. ಮೊದಲ ಗೆರೆಗೆ 1 ಜೂಲ್. ಆಮೇಲೆ ಅರ್ಧರ್ಧ ಜೂಲ್ ಏರಿಸುತ್ತಾ ಹೋಗಿ. ನ್ಯಾನೋ ಬೆಳ್ಳಿಯಾದರೆ ಕಣ್ಣೆದುರೇ ಕಥೆ ನಡೆಯುತ್ತದೆ. ಮೊದಲ ಗೆರೆ ಕಂದು ಬಣ್ಣದಲ್ಲೇ ಇರುತ್ತದೆ. ಮುಂದೊಂದು ಮಾಸಲು ಬೂದಿ. ಆಮೇಲೆ ಬಿಳಿಚು ಬೆಳ್ಳಿ. ಅದರ ಮುಂದಿನದರಲ್ಲಿ ಬೇಸಿಗೆಯ ಕೆರೆಯಂಗಳದ ಹಾಗೆ ಸಣ್ಣ ಬಿರುಕು. ಕೊನೆಯದರಲ್ಲಿ ಗೆರೆಯೇ ಇಲ್ಲ, ಪುಡಿ. ಬಿರುಕು ಶುರುವಾದ ಜಾಗದಿಂದ ಎರಡು ಮೆಟ್ಟಿಲು ಕೆಳಗೆ ನಿಲ್ಲಿ. ಒಂದೇ ಮೆಟ್ಟಿಲು ಕೆಳಗೆ ನಿಂತರೆ ಇಂಕ್ ದಪ್ಪ ಸ್ವಲ್ಪ ಬದಲಾದ ದಿನ ಸಿಕ್ಕಿಬೀಳುತ್ತೀರಿ.

ಒಂದು ಭಾರಿ ಮಿಂಚಿಗಿಂತ ನಾಲ್ಕು ಸಣ್ಣ ಮಿಂಚು ಮೇಲು. ಮೊದಲನೆಯವು ಅಳಿದುಳಿದ ಪಸೆ ಓಡಿಸುತ್ತವೆ, ನಂತರದವು ಬೆಸೆಯುತ್ತವೆ. ಆದರೆ ನಡುವೆ ಬಿಡುವು ಕೊಡಿ. ಬಿಡುವಿಲ್ಲದಿದ್ದರೆ ಶಾಖ ಒಂದರ ಮೇಲೊಂದು ಸೇರಿ ಹಾಳೆ ಮುದುಡುತ್ತದೆ. ಹಾಳೆಯ ಕೆಳಗೆ ಸಪಾಟಾದ ಅಲ್ಯೂಮಿನಿಯಂ ತಟ್ಟೆ ಇರಲಿ. ಒಂದು ಮೂಲೆ ಮೇಲೆದ್ದಿದ್ದರೆ ಮೊದಲು ಸುಡುವುದು ಆ ಮೂಲೆ.

ಇನ್ನೊಂದು ವಿಚಿತ್ರ ನೋಡಿ. ಒಂದೇ ಮಿಂಚಿಗೆ ಅಗಲವಾದ ಪ್ಯಾಡ್ ಹೆಚ್ಚು ಬಿಸಿಯಾಗುತ್ತದೆ, ತೆಳು ಗೆರೆ ಕಡಿಮೆ. ತೆಳು ಗೆರೆಯ ಶಾಖ ಎರಡೂ ಪಕ್ಕಕ್ಕೆ ಸೋರಿಹೋಗುತ್ತದೆ. ಪ್ಯಾಡಿನ ನಡುವಿನ ಶಾಖಕ್ಕೆ ಪಕ್ಕಕ್ಕೆ ಹೋಗಲು ದಾರಿ ಇಲ್ಲ. ಆದ್ದರಿಂದ ಗೆರೆ ಸರಿಯಾಗಿ ಬೆಂದಾಗ ಪ್ಯಾಡ್ ಎದ್ದುಬರುತ್ತದೆ. ಇದಕ್ಕೆ ಮದ್ದು ದೀಪದಲ್ಲಿಲ್ಲ, ಡಿಸೈನ್‌ನಲ್ಲಿದೆ. ದೊಡ್ಡ ಪ್ಯಾಡ್‌ಗಳನ್ನು ತುಂಬಿಸಬೇಡಿ, ಕಿಟಕಿ ಜಾಲರಿಯ ಹಾಗೆ ಬರೆಯಿರಿ. ಇಂಕೂ ಉಳಿಯುತ್ತದೆ.

6. ಅಳೆಯಿರಿ

ಮಲ್ಟಿಮೀಟರ್ ಬೀಪ್ ಅಂದರೆ ಸಾಕು ಅನ್ನುವವರಿಗೆ ಕೈಮುಗಿಯುತ್ತೇನೆ. ಬೀಪ್ ಏನನ್ನೂ ಹೇಳುವುದಿಲ್ಲ.

ಇಲ್ಲಿನ ಅಳತೆ "ಚೌಕಕ್ಕೆ ಎಷ್ಟು ಓಮ್". ಪರೀಕ್ಷಾ ಗೆರೆ 1 ಮಿ.ಮೀ. ಅಗಲ, 100 ಮಿ.ಮೀ. ಉದ್ದ. ಅಂದರೆ ಸಾಲಾಗಿ 100 ಚೌಕ. ಮಲ್ಟಿಮೀಟರ್ 5 ಓಮ್ ತೋರಿಸಿತು ಅನ್ನಿ. ಅದರ ಮೊನೆಗಳನ್ನು, ಅಂದರೆ ಪ್ರೋಬ್‌ಗಳನ್ನು, ಒಂದಕ್ಕೊಂದು ಮುಟ್ಟಿಸಿದಾಗ 0.3 ಓಮ್ ಬಂತು. ಕಳೆದರೆ 4.7. ಅದನ್ನು 100ರಿಂದ ಭಾಗಿಸಿ. ಚೌಕಕ್ಕೆ 0.047 ಓಮ್, ಅಂದರೆ 47 ಮಿಲಿಓಮ್. ಪದರದ ದಪ್ಪ 10 ಮೈಕ್ರಾನ್ ಆಗಿದ್ದರೆ ಇದು ಗಟ್ಟಿ ಬೆಳ್ಳಿಗಿಂತ ಸುಮಾರು 30 ಪಟ್ಟು ಹೆಚ್ಚಿನ ತಡೆ. ಗಾಬರಿ ಬೇಡ, ಫ್ಲೇಕ್ ಪೇಸ್ಟ್‌ಗೆ ಇದು ಸಹಜ. ನ್ಯಾನೋ ಬೆಳ್ಳಿಯಲ್ಲೂ ಇಷ್ಟೇ ಬಂದರೆ ಮಾತ್ರ ಬೆಂದಿಲ್ಲ ಅಂತ ಲೆಕ್ಕ.

ಪ್ರೋಬ್ ತಡೆಯ ತಲೆನೋವೇ ಬೇಡ ಅಂದರೆ ನಾಲ್ಕು ತಂತಿ ವಿಧಾನ. ಎರಡು ತಂತಿಯಿಂದ 100 ಮಿಲಿಆಂಪಿಯರ್ ಹರಿಸಿ, ಬೇರೆ ಎರಡು ತಂತಿಯಿಂದ ವೋಲ್ಟ್ ಅಳೆಯಿರಿ. 0.47 ವೋಲ್ಟ್ ಬಂದರೆ 4.7 ಓಮ್. ದಪ್ಪವನ್ನು ನಿಖರವಾಗಿ ನೋಡಬೇಕಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದ ಮಾಪನ ಸೌಲಭ್ಯ ಹೊರಗಿನವರಿಗೂ ಶುಲ್ಕಕ್ಕೆ ಸಿಗುತ್ತದೆ. ಎಪ್ಪತ್ತು ಕಿಲೋಮೀಟರ್, ಬೆಳಗ್ಗೆ ಹೋಗಿ ಸಂಜೆ ಬರಬಹುದು.

ಆಮೇಲೆ ಟೇಪ್ ಪರೀಕ್ಷೆ. ಗೆರೆಗೆ ಅಂಟುಟೇಪ್ ಒತ್ತಿ, ಒಂದೇ ಸಲ ಎಳೆಯಿರಿ. ಟೇಪ್‌ಗೆ ಬೆಳ್ಳಿ ಬಂದರೆ ಹಾಳೆ ಕೊಳೆಯಾಗಿತ್ತು, ಇಲ್ಲವೇ ಮಿಂಚು ಜಾಸ್ತಿಯಾಯಿತು. ಕೊನೆಗೆ ಪೆನ್ಸಿಲ್‌ಗೆ ಸುತ್ತಿ ಬಿಚ್ಚಿ, ಮತ್ತೆ ಅಳೆಯಿರಿ.

7. ಮುಚ್ಚಿ, ಜೋಡಿಸಿ

ನೀವು ಹೊಡೆದ ಕೀಪ್ಯಾಡ್ ಗುಬ್ಬಿ ತಾಲ್ಲೂಕಿನ ತೆಂಗಿನ ತೋಟದ ಬೋರ್‌ವೆಲ್ ಸ್ಟಾರ್ಟರ್ ಪೆಟ್ಟಿಗೆಗೆ ಹೋಗುತ್ತದೆ ಅನ್ನಿ. ಮಳೆಗಾಲದ ತೇವ, ಇರುವೆ, ಹಲ್ಲಿ, ಎಲ್ಲ ಅಲ್ಲಿಯ ಸಂಸಾರ. ಇರುವೆಗೆ ರಬ್ಬರ್ ಗ್ಯಾಸ್ಕೆಟ್ ಹಾಕಬಹುದು. ತೇವ ಹೆಚ್ಚು ಅಪಾಯ. ಎರಡು ಬೆಳ್ಳಿ ಗೆರೆಗಳ ನಡುವೆ ಡಿಸಿ ವೋಲ್ಟೇಜ್ ಇದ್ದು ತೇವವೂ ಸೇರಿದರೆ, ಬೆಳ್ಳಿ ಒಂದು ಗೆರೆಯಿಂದ ಇನ್ನೊಂದಕ್ಕೆ ಬೇರಿನ ಹಾಗೆ ಬೆಳೆಯುತ್ತದೆ. ತಿಂಗಳುಗಟ್ಟಲೆ ಚೆನ್ನಾಗಿದ್ದದ್ದು ಒಂದು ದಿನ ಶಾರ್ಟ್. ಗೆರೆಗಳ ನಡುವೆ ಕನಿಷ್ಠ 1 ಮಿ.ಮೀ. ಬಿಡಿ. ತೆರೆದಿರುವ ತುದಿಗಳ ಮೇಲೆ ಕಾರ್ಬನ್ ಇಂಕ್ ಹೊಡೆಯಿರಿ. ಉಳಿದದ್ದಕ್ಕೆ ಯುವಿ ಬೆಳಕಿನಲ್ಲಿ ಗಟ್ಟಿಯಾಗುವ, ಕರೆಂಟ್ ಹರಿಸದ ಇಂಕ್. ನಿಮ್ಮ ಯುವಿ ಲ್ಯಾಂಪ್ ಬೇಕಾಗುವುದು ಈಗ. ಅದನ್ನು ಎರಡು ಪದರ ಹೊಡೆಯಿರಿ. ಒಂದು ಪದರದ ಸೂಜಿ ತೂತನ್ನು ಇನ್ನೊಂದು ಮುಚ್ಚುತ್ತದೆ.

ತಂತಿ ಜೋಡಿಸಲು ಸೋಲ್ಡರಿಂಗ್ ಐರನ್ ಹಿಡಿಯಬೇಡಿ. ಅದರ ಮೊನೆ 350 ಡಿಗ್ರಿ, ಪೆಟ್ ತೂತು ಬೀಳುತ್ತದೆ. ಬೆಳ್ಳಿ ಸೋಲ್ಡರಿನ ತವರದೊಳಗೆ ಕರಗಿ ಮಾಯವೂ ಆಗುತ್ತದೆ. ಹಾಳೆಗೆ ಕಚ್ಚಿಕೊಳ್ಳುವ ಕ್ರಿಂಪ್ ಕನೆಕ್ಟರ್ ಅಥವಾ ರಿಬ್ಬನ್ ಸಿಗಿಸುವ ಸಾಕೆಟ್ ಬಳಸಿ.

ಇಂಕ್‌ಗೂ ದುಡ್ಡಿಲ್ಲ, ಫ್ಲ್ಯಾಶ್ ಯಂತ್ರವೂ ಇಲ್ಲ ಅನ್ನುವವರಿಗೆ

ವಿದ್ಯಾರ್ಥಿಗಳಿಗೆ ಒಂದು ಅಡ್ಡದಾರಿ ಇದೆ. ಅಕ್ರಿಲಿಕ್ ಅಕ್ಷರ, ನಾಮಫಲಕ ಕತ್ತರಿಸುವವರ ಬಳಿ ಇಂಗಾಲದ ಡೈಆಕ್ಸೈಡ್ ಲೇಸರ್ ಇರುತ್ತದೆ. ಕಿತ್ತಳೆ ಬಣ್ಣದ ಪಾಲಿಇಮೈಡ್ ಟೇಪನ್ನು ಸಪಾಟಾದ ಹೆಂಚಿನ ಮೇಲೆ ಅಂಟಿಸಿ, ಕಡಿಮೆ ಪವರ್‌ನಲ್ಲಿ ಗೆರೆ ಎಳೆಸಿ. ಲೇಸರ್ ಹೋದ ದಾರಿಯೆಲ್ಲ ಕಪ್ಪಾಗಿ ಗ್ರಾಫೀನ್ ಅನ್ನುವ ಇಂಗಾಲದ ರೂಪ ಆಗುತ್ತದೆ, ಕರೆಂಟ್ ಹರಿಯುತ್ತದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಜೇಮ್ಸ್ ಟೂರ್ ತಂಡ 2014ರಲ್ಲಿ ತೋರಿಸಿದ ವಿಧಾನ ಇದು. ತಡೆ ಬೆಳ್ಳಿಗಿಂತ ನೂರಾರು ಪಟ್ಟು ಹೆಚ್ಚು. ತೇವ ಅಳೆಯುವ, ಬಾಗುವಿಕೆ ಅಳೆಯುವ ಸೆನ್ಸರ್‌ಗೆ ಅಡ್ಡಿಯಿಲ್ಲ. ಸುಮ್ನೆ ಯಾವುದೋ ವಿನೈಲ್ ಸ್ಟಿಕ್ಕರ್ ಹಾಳೆಯನ್ನು ಲೇಸರ್ ಕೆಳಗೆ ಇಡಬೇಡಿ. ಅದು ಪಿವಿಸಿ, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಅದು ಶ್ವಾಸಕೋಶಕ್ಕೂ ಕೇಡು, ಅಂಗಡಿಯವರ ಯಂತ್ರಕ್ಕೂ ತುಕ್ಕು.

ಫ್ರೇಮ್ ತೊಳೆದದ್ದನ್ನು ಚರಂಡಿಗೆ ಬಿಡಬೇಡಿ. ಬೆಳ್ಳಿ ನೀರಿನ ಜೀವಿಗಳಿಗೆ ವಿಷ. ಒರೆಸಿದ ಬಟ್ಟೆ, ಕೆಟ್ಟ ಹಾಳೆ, ಡಬ್ಬದ ತಳ, ಎಲ್ಲವನ್ನೂ ಮುಚ್ಚಳ ಇರುವ ಒಂದು ಡಬ್ಬಿಯಲ್ಲಿ ಕೂಡಿಡಿ. ಅಕ್ಕಸಾಲಿಗರು ಅಂಗಡಿ ಗುಡಿಸಿದ ಧೂಳನ್ನೂ ಮಾರುತ್ತಾರಲ್ಲ, ನಿಮ್ಮ ಡಬ್ಬಿಗೂ ಬೆಳ್ಳಿ ಶುದ್ಧ ಮಾಡುವವರ ಬಳಿ ಬೆಲೆ ಇದೆ.